ಮೂರು ಚುಕ್ಕೆಯ ಕೋಟು

ಮೇಲಿನ ಬೀದಿಯವರಿಗೆ ಅವಳ ಹೆಸರು ಗೊತ್ತಿರಲಿಲ್ಲ. ಇಸ್ತ್ರಿಯಮ್ಮ ಎನ್ನುತ್ತಿದ್ದರು. ಅವಳೂ ಅವರ ಹೆಸರು ಕೇಳಲು ಹೋದವಳಲ್ಲ. ಒಗೆಯಲು ಬಂದ ಬಟ್ಟೆಯ ಕಾಲರಿನ ಒಳಗೆ ನೀಲಿ ದಾರದಲ್ಲಿ ಒಂದು ಗುರುತು ಹಾಕುತ್ತಿದ್ದಳು. ಆ ಗುರುತೇ ಅವಳಿಗೆ ಹೆಸರು. ನ್ಯಾಯಾಧೀಶರ ಮನೆ ಒಂದು ಕತ್ತರಿ. ಡಾಕ್ಟರ ಮನೆ ಎರಡು ಗೀಟು. ಬೀದಿಯ ಸಂಘದ ಕಾರ್ಯದರ್ಶಿಯ ಮನೆ ಮೂರು ಚುಕ್ಕೆ. ಎರಡು ಗೀಟಿಗೆ ಮೊಮ್ಮಗು ಬಂದಿದೆ, ಒಂದು ಕತ್ತರಿಗೆ ಈಚೆಗೆ ವಿಪರೀತ ಬೆವರು, ಏನೋ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದು ಅವಳು ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ನಲವತ್ತು ವರ್ಷದಲ್ಲಿ ಅವರ ಮುಖ ಸರಿಯಾಗಿ ನೋಡಿರಲಿಲ್ಲ. ಕೊಳೆ ಮಾತ್ರ ಚೆನ್ನಾಗಿ ನೋಡಿದ್ದಳು.

ಮುಖ ನೋಡುವುದಕ್ಕೆ ಅವಕಾಶವಾದರೂ ಎಲ್ಲಿತ್ತು. ಹಿಂದಿನ ಗೇಟಿನ ಆಚೆ ನಿಂತು ಕೂಗಬೇಕು. ಮಹಡಿಯಿಂದ ಗಂಟು ಬೀಳುತ್ತದೆ. ಹಿಡಿದರೆ ಹಿಡಿದಳು, ಇಲ್ಲದಿದ್ದರೆ ತಲೆಯ ಮೇಲೆ. ಅವರ ಒಳಚಡ್ಡಿಯನ್ನು ಅವಳು ಕೈಯಲ್ಲಿ ಉಜ್ಜಬಹುದಿತ್ತು. ಆ ಕೈ ಅವರ ಗೇಟನ್ನು ಮುಟ್ಟಬಾರದಿತ್ತು. ಇದನ್ನು ಯಾವ ಹಲಗೆಯ ಮೇಲೂ ಬರೆದು ಹಾಕಿರಲಿಲ್ಲ. ಬರೆಯದೆಯೇ ಎಲ್ಲರಿಗೂ ಬಾಯಿಪಾಠವಾಗಿತ್ತು.

ಇಸ್ತ್ರಿಯಮ್ಮನ ಮನೆ ಕೆಳಗಿನ ಬೀದಿಯಲ್ಲಿ. ಎರಡು ಬೀದಿಗಳ ನಡುವೆ ಒಂದು ಕಲ್ಲಿನ ಗೋಡೆ, ಗೋಡೆಯ ಬುಡದಲ್ಲಿ ಒಂದು ಬಾಯಿ. ಮೇಲಿನ ಬೀದಿಯ ದೊಡ್ಡ ಮೋರಿ ಮೊದಲು ನೆಟ್ಟಗೆ ಕಾಲುವೆಗೆ ಹೋಗುತ್ತಿತ್ತು. ಆ ಕಾಲುವೆ ಅವರ ಮನೆಗಳ ಹಿಂದೆಯೇ ಹಾದುಹೋಗುತ್ತದೆ. ಒಂದು ಬೇಸಿಗೆ ಗುಡುಗುಮಳೆ ಜೋರಾಗಿ ಬಂದು ಕಾಲುವೆ ಉಕ್ಕಿ ಅವರ ಕಾರುಗಳ ಚಕ್ರ ನೆನೆಯಿತು. ಸಂಘದವರು ಸಭೆ ಸೇರಿದರು. ಮೋರಿಗೆ ಒಂದು ತೂಬು ಹಾಕಿಸಿದರು, ತೂಬಿಗೆ ಒಂದು ಕಬ್ಬಿಣದ ಚಕ್ರ. ಮಳೆ ಬಂದಾಗ ವಾಚ್‌ಮನ್ ಚಕ್ರವನ್ನು ಎಡಕ್ಕೆ ತಿರುಗಿಸುತ್ತಾನೆ. ಕಾಲುವೆಯ ದಾರಿ ಮುಚ್ಚುತ್ತದೆ, ಗೋಡೆಯ ಬಾಯಿ ತೆರೆಯುತ್ತದೆ. ಮೇಲಿನ ಬೀದಿಯ ನೀರೆಲ್ಲ ಕೆಳಗಿನ ಬೀದಿಗೆ ಬರುತ್ತದೆ. ಕಾರು ಒಣಗಿರುತ್ತದೆ. ಜನ ನೆನೆಯುತ್ತಾರೆ.

ಕೆಳಗಿನವರು ಪುರಸಭೆಯ ಕಚೇರಿಗೆ ಮೂರು ಸಲ ಅರ್ಜಿ ಬರೆದರು. ಮೊದಲ ಅರ್ಜಿ ಕಳೆದುಹೋಯಿತು. ಎರಡನೆಯದಕ್ಕೆ, ನಿಮ್ಮ ಬೀದಿ ತಗ್ಗಿನಲ್ಲಿದೆ, ನೀರು ತಗ್ಗಿಗೆ ಹರಿಯುವುದು ಸಹಜ ಎಂದು ಉತ್ತರ ಬಂತು. ಮೂರನೆಯ ಅರ್ಜಿ ಅದೇ ವರ್ಷದ ಮಳೆಯಲ್ಲಿ ನೆನೆದು ಬರೆದವರ ಮನೆಯಲ್ಲೇ ಉಳಿಯಿತು.

ಈ ಸಲದ ಬೇಸಿಗೆ ಹುಚ್ಚು ಹಿಡಿದಂತಿತ್ತು. ಬೆಳಿಗ್ಗೆಯಿಂದ ನೆಲ ಕಾಯುವುದು, ನಾಲ್ಕು ಗಂಟೆಗೆ ಆಕಾಶ ಕಪ್ಪಾಗುವುದು, ಗಾಳಿ, ಆಲಿಕಲ್ಲು, ಒಂದು ಗಂಟೆಯ ಮಳೆ. ಸೋಮವಾರ ಬಂದದ್ದು ಮಾತ್ರ ಎಲ್ಲವನ್ನೂ ಮೀರಿಸಿತು. ನೀರು ಹೊಸ್ತಿಲು ದಾಟಿದಾಗ ಇಸ್ತ್ರಿಯಮ್ಮ ಏನನ್ನೂ ಯೋಚಿಸಲಿಲ್ಲ. ಗಿರಾಕಿಗಳ ಗಂಟುಗಳನ್ನು ಒಂದೊಂದಾಗಿ ಅಟ್ಟಕ್ಕೆ ಏರಿಸಿದಳು. ಗಂಡ ಕಲಿಸಿದ ಪಾಠ ಅದು. ಮೊದಲು ಗಿರಾಕಿಯ ಬಟ್ಟೆ, ಆಮೇಲೆ ನಮ್ಮ ಜೀವ ಎನ್ನುತ್ತಿದ್ದ. ಅವನು ಹೋಗಿ ಐದು ತಿಂಗಳಾಗಿತ್ತು.

ಹದಿನಾಲ್ಕನೆಯ ಗಂಟನ್ನು ತಲೆಯ ಮೇಲೆ ಹೊತ್ತು ಏಣಿಯ ನಡುವೆ ನಿಂತಾಗ ಕೆಳಗೆ ನೋಡಿದಳು. ಅವನ ದಿಂಬು ತೇಲಿಕೊಂಡು ಬಾಗಿಲ ಕಡೆ ಹೋಗುತ್ತಿತ್ತು. ಆ ದಿಂಬನ್ನು ಅವಳು ಐದು ತಿಂಗಳಿಂದ ಒಗೆದಿರಲಿಲ್ಲ. ಊರಿನ ಕೊಳೆಯೆಲ್ಲ ಒಗೆದವಳು ಅದೊಂದನ್ನು ಹಾಗೇ ಇಟ್ಟುಕೊಂಡಿದ್ದಳು. ಅದರಲ್ಲಿ ಅವನ ತಲೆಯ ವಾಸನೆ ಇತ್ತು. ಇಳಿದು ಹಿಡಿಯಬಹುದಿತ್ತು. ತಲೆಯ ಮೇಲೆ ನ್ಯಾಯಾಧೀಶರ ಹಾಸಿಗೆಯ ಹೊದಿಕೆ ಇತ್ತು. ಅದನ್ನು ಅಟ್ಟಕ್ಕೆ ಇಟ್ಟು ಇಳಿಯುವಷ್ಟರಲ್ಲಿ ದಿಂಬು ಬೀದಿ ಸೇರಿ ಮೋರಿಯ ನೀರು ಕುಡಿದು ಮುಳುಗಿತು.

ಸೊಂಟದವರೆಗಿನ ನೀರಿನಲ್ಲಿ ನಿಂತು ಅವಳು ದೇವರ ಜೊತೆ ಮಾತಾಡಿದಳು. ದಿನಾ ಮಾತಾಡುವವಳೇ. ಬೆಂಕಿ ಹಚ್ಚುವ ಮುಂಚೆ ಒಂದು ಮಾತು, ಆರಿಸಿದ ಮೇಲೆ ಒಂದು ಮಾತು. ಅವತ್ತು ಹೇಳಿದ್ದು ಇಷ್ಟೇ.

"ನೀನು ನೋಡ್ತಾ ಇದೀಯ ಅಂತ ಗೊತ್ತು. ಚೆನ್ನಾಗಿ ನೋಡ್ಕೋ. ಈಗ ನಾನು ಮಾಡೋದನ್ನೂ ನೋಡ್ಕೋ."

ಮಳೆ ನಿಂತಿತು. ನೀರು ಮೊಣಕಾಲಿಗೆ ಇಳಿದು ಅಲ್ಲೇ ನಿಂತಿತು. ಬೀದಿಯ ಹದಿನಾಲ್ಕು ಮನೆಯವರು ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದರು. ಬದಲಾಯಿಸಲು ಒಂದು ಚಿಂದಿಯೂ ಒಣಗಿದ್ದು ಯಾರ ಮನೆಯಲ್ಲೂ ಇರಲಿಲ್ಲ. ಪಕ್ಕದ ಮನೆಯ ಚಪ್ಪಲಿ ತಾತನಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಚಪ್ಪಲಿ ಹೊಲಿದು ಬದುಕಿದವನು, ಎಂಬತ್ತು ದಾಟಿದ ಮುದುಕ, ಎರಡು ಕಾಲೂ ಬಿದ್ದುಹೋಗಿದ್ದವು. ಮಂಚದ ನಾಲ್ಕು ಕಾಲಿಗೂ ಇಟ್ಟಿಗೆ ಪೇರಿಸಿ ಅವನನ್ನು ಮೇಲೆ ಮಲಗಿಸಿದ್ದರು. ನೀರು ಅವನ ಬೆನ್ನಿಗಿಂತ ಒಂದು ಗೇಣು ಕೆಳಗೆ ಬಂದು ನಿಂತು ವಾಪಸು ಹೋಗಿತ್ತು. ಇನ್ನು ಪೇರಿಸಲು ಇಟ್ಟಿಗೆ ಇರಲಿಲ್ಲ, ಏರಿಸಿದರೆ ತಲೆಗೆ ಸೂರು ತಾಗುತ್ತಿತ್ತು. ಎತ್ತಿಕೊಂಡು ಹೋಗೋಣವೆಂದರೆ ಒಣನೆಲ ಇರುವುದು ಮೇಲಿನ ಬೀದಿಯ ಶಾಲೆಯಲ್ಲಿ ಮಾತ್ರ. ಹೋದ ಬೇಸಿಗೆ ಕೇಳಿದ್ದರು. ಶಾಲೆಯ ನೆಲಕ್ಕೆ ಈಗ ತಾನೇ ಹೊಳಪು ಕೊಟ್ಟಿದ್ದೇವೆ ಎಂದು ಬಾಗಿಲು ಹಾಕಿದ್ದರು.

ಇಸ್ತ್ರಿಯಮ್ಮ ಅಟ್ಟ ಹತ್ತಿ ಗಂಟುಗಳನ್ನು ಇಳಿಸಿದಳು. ಹದಿನಾಲ್ಕು ಗಂಟು, ಹದಿನಾಲ್ಕು ಮನೆ. ಮನೆಗೊಂದು ಗಂಟು ಎಂದು ಹಂಚಿದಳು.

ಎಡವಟ್ಟಾದದ್ದು ಅಲ್ಲೇ. ಒಬ್ಬರ ಗಂಟಿಗೆ ಇನ್ನೊಬ್ಬರ ಬಟ್ಟೆ ಸೇರಿಸಬಾರದು ಎಂಬುದು ಒಗೆಯುವವರ ಮೊದಲ ನಿಯಮ. ಆ ನಿಯಮ ಅವಳ ಮೂಳೆಗೆ ಇಳಿದಿತ್ತು. ಗಂಟು ಬಿಚ್ಚಿ ಯಾರಿಗೆ ಏನು ಸರಿಹೋಗುತ್ತದೆ ಎಂದು ಆರಿಸಿ ಕೊಡುವುದು ಅವಳಿಗೆ ಹೊಳೆಯಲೇ ಇಲ್ಲ. ತರಕಾರಿ ಮಾರುವವಳ ಮನೆಗೆ ಹೋದ ಗಂಟಿನಲ್ಲಿ ಬರೀ ಕಿಟಕಿಯ ಪರದೆಗಳಿದ್ದವು. ಅವರ ಮನೆಯ ಏಳು ಜನ ಹೂವಿನ ಪರದೆ ಸುತ್ತಿಕೊಂಡು ಸಾಲಾಗಿ ನಿಂತರು. ನೋಡಿದವರು ಕಿಟಕಿ ಎಲ್ಲಿ ಎಂದು ಕೇಳಿದರು. ಗಾರೆ ಕೆಲಸದವನ ಪಾಲಿಗೆ ಹನ್ನೊಂದು ಕರವಸ್ತ್ರ, ಒಂದು ಮೇಜಿನ ಬಟ್ಟೆ ಬಂದವು. ಅವನು ಮೇಜಿನ ಬಟ್ಟೆಯನ್ನು ಹೆಂಡತಿಗೆ ಕೊಟ್ಟು ಕರವಸ್ತ್ರಗಳನ್ನು ಹಿಡಿದು ಬಹಳ ಹೊತ್ತು ಯೋಚಿಸಿದ. ಮೋರಿ ಬಳಿಯುವ ಗುಂಡಿರಾಯನಿಗೆ ಒಂದು ಕತ್ತರಿಯ ಗಂಟು ಸಿಕ್ಕಿತು. ಅದರಲ್ಲಿ ನ್ಯಾಯಾಧೀಶರ ಕಪ್ಪು ಕೋಟು ಇತ್ತು. ಹುಟ್ಟಿದ ಮೇಲೆ ಕಪ್ಪು ಬಣ್ಣವನ್ನು ಗುಂಡಿಯೊಳಗೆ ಮಾತ್ರ ನೋಡಿದವನು ಕೋಟು ತೊಟ್ಟು, ಚಡ್ಡಿಯಲ್ಲಿ ನಿಂತು, ಎಲ್ಲರಿಗೂ ಬಿಡುಗಡೆ ಎಂದು ತೀರ್ಪು ಕೊಟ್ಟ. ನೀರಿನಲ್ಲಿ ನಿಂತವರೆಲ್ಲ ನಕ್ಕರು. ಅವತ್ತು ಮೊದಲ ಸಲ ನಕ್ಕರು.

ಮೂರು ಚುಕ್ಕೆಯ ಗಂಟು ಚಪ್ಪಲಿ ತಾತನ ಮನೆಗೆ ಹೋಯಿತು. ಅದರಲ್ಲಿ ಬೂದುಬಣ್ಣದ ಉಣ್ಣೆಯ ಕೋಟು ಇತ್ತು. ತಾತನಿಗೆ ಅದನ್ನು ತೊಡಿಸಿ ಕುತ್ತಿಗೆಯವರೆಗೆ ಗುಂಡಿ ಹಾಕಿದರು. ಅರ್ಧ ಗಂಟೆಯಲ್ಲಿ ನಡುಕ ನಿಂತಿತು. ತಾತನ ಸೊಸೆಗೆ ಒಂದು ಹಸಿರು ಗೌನು ಸಿಕ್ಕಿತು.

ಆ ಗೌನಿನಿಂದಲೇ ಸುದ್ದಿ ಮೇಲಿನ ಬೀದಿಗೆ ಹತ್ತಿತು. ತಾತನ ಸೊಸೆ ಪಾತ್ರೆ ತೊಳೆಯುತ್ತಿದ್ದದ್ದು ಕಾರ್ಯದರ್ಶಿಯ ಮನೆಯಲ್ಲಿ. ಮಂಗಳವಾರ ಬೆಳಿಗ್ಗೆ ಅವಳು ಎಂದಿನಂತೆ ಕೆಲಸಕ್ಕೆ ಹೋದಳು. ಬೇರೆ ಬಟ್ಟೆ ಇರಲಿಲ್ಲ, ಗೌನಿನಲ್ಲೇ ಹೋದಳು. ಪಾತ್ರೆಯ ಮುಂದೆ ಕೂತಾಗ ಯಜಮಾನಿ ಬಂದರು. ತಮ್ಮ ಗೌನು ತಮ್ಮ ಹಿತ್ತಲಿನಲ್ಲಿ ಕೂತು ತಮ್ಮ ಬಾಣಲೆ ಉಜ್ಜುತ್ತಿರುವುದನ್ನು ಕಂಡು ಗೋಡೆ ಹಿಡಿದುಕೊಂಡರು. ಇಲ್ಲೇ ಬಿಚ್ಚು ಎಂದರು. ಸೊಸೆ ಬಾಣಲೆ ಕೆಳಗಿಟ್ಟಳು.

"ಬಿಚ್ತೀನಮ್ಮ. ಒಳಗೆ ಏನೂ ಇಲ್ಲ. ಹೀಗೇ ನಿಮ್ಮ ಮುಂಬಾಗಿಲಿಂದ ಬೀದಿಗೆ ಹೋಗ್ತೀನಿ. ಯಾರ ಮನೆ ಕೆಲಸದವಳು ಅಂತ ಜನ ಕೇಳಿದ್ರೆ ಹೇಳಬಹುದಾ?"

ಯಜಮಾನಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸೊಸೆ ಉಜ್ಜಿದ ಬಾಣಲೆಯನ್ನು ತೊಳೆಯದೆ ಬಿಟ್ಟು ಹಿಂದಿನ ಗೇಟನ್ನು ತಾನೇ ಕೈಯಿಂದ ತೆರೆದುಕೊಂಡು ಬಂದಳು.

ಕಾರ್ಯದರ್ಶಿಗೆ ವಿಷಯ ತಿಳಿದಾಗ ಅವರ ಯೋಚನೆ ಗೌನಿನ ಕಡೆ ಹೋಗಲಿಲ್ಲ, ಕೋಟಿನ ಕಡೆ ಹೋಯಿತು. ಆ ದಿನ ಸಂಜೆ ಐದು ಗಂಟೆಗೆ ಸಂಘದ ಸಭಾಂಗಣದಲ್ಲಿ ಸಮಾರಂಭವಿತ್ತು. ಪಟ್ಟಣದಲ್ಲೇ ಚೆನ್ನಾಗಿ ಮಳೆನೀರು ಸಾಗಿಸುವ ಬೀದಿ ಎಂದು ಕಚೇರಿಯವರು ಮೇಲಿನ ಬೀದಿಯನ್ನು ಆರಿಸಿದ್ದರು. 'ನೀರು ನಿಲ್ಲದ ಬೀದಿ' ಎಂದು ಕೆತ್ತಿದ ಹಿತ್ತಾಳೆಯ ಹಲಗೆಯನ್ನು ದೊಡ್ಡ ಎಂಜಿನಿಯರು ಬಂದು ಕೊಡುವವರಿದ್ದರು. ಕಾರ್ಯದರ್ಶಿ ಅದನ್ನು ಕೋಟಿನಲ್ಲಿ ನಿಂತು ಸ್ವೀಕರಿಸಬೇಕಿತ್ತು. ಅದಕ್ಕೆಂದೇ ಅವರು ಕೋಟನ್ನು ಇಸ್ತ್ರಿಗೆ ಕೊಟ್ಟಿದ್ದರು. ಆ ನೀರು ಎಲ್ಲಿ ನಿಲ್ಲುತ್ತಿದೆ ಎಂದು ಯಾರೂ ಕೇಳಿರಲಿಲ್ಲ.

ಮೂರೂವರೆಗೆ ಕಾರ್ಯದರ್ಶಿ ಸ್ವತಃ ಬಂದರು. ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಬೂಟು ಒಂದು ಕೈಯಲ್ಲಿ, ಛತ್ರಿ ಒಂದು ಕೈಯಲ್ಲಿ. ಇಳಿಜಾರಿನ ಕೊನೆಯಲ್ಲಿ ನಿಂತು ಕೂಗಿದರು. ಯಾರೂ ಹೋಗಲಿಲ್ಲ. ಅಲ್ಲಿ ಮಹಡಿಯೂ ಇರಲಿಲ್ಲ, ಗಂಟು ಎಸೆಯುವವರೂ ಇರಲಿಲ್ಲ. ಕೊನೆಗೆ ನೀರಿಗೆ ಕಾಲಿಟ್ಟರು. ಎದುರಿಗೆ ಕಪ್ಪು ಕೋಟು ಕಂಡಿತು. ಕೈ ತಾನಾಗಿ ಎದೆಗೆ ಹೋಯಿತು, ತಲೆ ಬಾಗಿತು. ಆಮೇಲೆ ಕೋಟಿನ ಕೆಳಗಿನ ಚಡ್ಡಿ ಕಂಡಿತು, ಅದರ ಕೆಳಗಿನ ಕಾಲು ಕಂಡಿತು. ಗುಂಡಿರಾಯ ಗಂಭೀರವಾಗಿ ತಲೆದೂಗಿ, ಒಳಗೆ ಹೋಗಬಹುದು ಎಂದ.

ತಾತನ ಮನೆಯೊಳಗೆ ಕಾರ್ಯದರ್ಶಿಯ ಕೋಟು ಮಂಚದ ಮೇಲೆ ಮಲಗಿತ್ತು. ಒಳಗಿನಿಂದ ತಾತ ಕಣ್ಣು ಬಿಟ್ಟ.

"ಬನ್ನಿ ಸ್ವಾಮಿ. ಕೋಟು ಬಹಳ ಬೆಚ್ಚಗಿದೆ. ಜೇಬು ಮಾತ್ರ ಸ್ವಲ್ಪ ಜಾಸ್ತಿನೇ ಆಳ. ಕೈ ಹಾಕಿದ್ರೆ ತಳ ಸಿಗಲ್ಲ."

ಕಾರ್ಯದರ್ಶಿ ಅವನ ಕಡೆ ತಿರುಗಲಿಲ್ಲ. ಮಂಚದ ಪಕ್ಕ ನಿಂತಿದ್ದ ಇಸ್ತ್ರಿಯಮ್ಮನ ಮೇಲೆ ಹರಿಹಾಯ್ದರು. ಇದು ಕಳ್ಳತನ, ಪೊಲೀಸರನ್ನು ಕರೆಸುತ್ತೇನೆ, ನಾಳೆಯಿಂದ ಬೀದಿಯ ಒಂದು ಬಟ್ಟೆಯೂ ನಿನಗಿಲ್ಲ, ಯಂತ್ರದ ಅಂಗಡಿಗೆ ಕೊಡುತ್ತೇವೆ ಎಂದರು. ಅವಳಿಗೆ ಭಯವಾಗದೆ ಇರಲಿಲ್ಲ. ನಲವತ್ತು ವರ್ಷದಲ್ಲಿ ಒಂದು ಗುಂಡಿ ಕಳೆದವಳಲ್ಲ. ಗಂಡ ಇದ್ದಿದ್ದರೆ ಏನೆನ್ನುತ್ತಿದ್ದನೋ. ಆದರೆ ಮಂಚದ ಕೆಳಗಿನ ನೀರು ಅವಳಿಗೆ ಕಾಣುತ್ತಿತ್ತು. ಕಿಟಕಿಯ ಹೊರಗೆ ಆಕಾಶವೂ ಕಾಣುತ್ತಿತ್ತು. ನಿನ್ನೆಗಿಂತ ಕಪ್ಪಾಗಿತ್ತು.

"ಕೋಟು ಬೇಕಾದ್ರೆ ತೊಗೊಳ್ಳಿ ಸ್ವಾಮಿ," ಎಂದಳು. "ಐದೇ ಗುಂಡಿ. ನೀವೇ ಬಿಚ್ಕೊಳ್ಳಿ."

ಕಾರ್ಯದರ್ಶಿ ಒಂದು ಹೆಜ್ಜೆ ಮುಂದೆ ಇಟ್ಟರು. ಕೈ ಚಾಚಿದರು. ತಾತ ಅನುಕೂಲವಾಗಲೆಂದು ಗದ್ದ ಎತ್ತಿಕೊಟ್ಟ. ಮುದುಕನ ಕುತ್ತಿಗೆಯ ಚರ್ಮ, ಬಿಳಿ ಗಡ್ಡ, ಅದರ ಕೆಳಗೆ ಮೊದಲ ಗುಂಡಿ. ಕೈ ಅಲ್ಲೇ ನಿಂತಿತು. ನಾಲ್ಕು ಬೆರಳಿನಷ್ಟು ದೂರ. ಆ ನಾಲ್ಕು ಬೆರಳನ್ನು ದಾಟಲು ಅವರ ಕೈಗೆ ಆಗಲಿಲ್ಲ. ಇನ್ನು ಅದನ್ನು ತೊಟ್ಟುಕೊಳ್ಳುವುದಾದರೂ ಹೇಗೆ ಎಂದು ಗೊಣಗಿ ಕೈ ಹಿಂದಕ್ಕೆ ತೆಗೆದುಕೊಂಡರು.

ಆಗ ಸಿಡಿಲು ಬಿತ್ತು. ಗಾಳಿ ಬಂತು. ತಗಡಿನ ಸೂರಿನ ಮೇಲೆ ಆಲಿಕಲ್ಲು ಬಿದ್ದ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಕಾರ್ಯದರ್ಶಿ ಬಾಗಿಲಿಗೆ ಓಡಿದರು. ಬೀದಿ ಇರಲಿಲ್ಲ. ಗೋಡೆಯ ಬಾಯಿಂದ ಮೇಲಿನ ಬೀದಿಯ ನೀರು ನುಗ್ಗುತ್ತಿತ್ತು. ಅದರ ಜೊತೆ ಅವರ ಬೀದಿಯ ಹೂಕುಂಡ, ಕಾರು ಒರೆಸುವ ಬಟ್ಟೆ, ಯಾರದೋ ನಾಯಿಯ ತಟ್ಟೆ. ನೀರು ಅವರ ಮೊಣಕಾಲು ದಾಟಿತು, ತೊಡೆ ದಾಟಿತು. ಪ್ಯಾಂಟಿನ ಮಡಿಕೆ ಬಿಚ್ಚಿಕೊಂಡು ನೀರಿನಲ್ಲಿ ನೆನೆಯಿತು. ಒಂದು ಬೂಟು ಕೈ ಜಾರಿ ಹೋಯಿತು.

ಅವರು ಒಲೆಯ ಕಟ್ಟೆಯ ಮೇಲೆ ಹತ್ತಿ ನಿಂತು ವಾಚ್‌ಮನ್‌ಗೆ ಫೋನ್ ಮಾಡಿದರು. ಚಕ್ರ ತಿರುಗಿಸು, ಈಗಲೇ ತಿರುಗಿಸು, ಬಲಕ್ಕೆ ತಿರುಗಿಸು ಎಂದು ಅರಚಿದರು. ಆಲಿಕಲ್ಲಿನ ಸದ್ದು ಇಳಿದಿತ್ತು, ಆ ಕಡೆಯವನ ದನಿ ಮನೆಯವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು.

"ಆಗಲ್ಲ ಸಾರ್. ನೀವೇ ಹೇಳಿದೀರಿ. ಫೋನಲ್ಲಿ ಯಾರು ಹೇಳಿದ್ರೂ ನಂಬಬೇಡ, ನಾನೇ ಎದುರು ಬಂದು ನಿಲ್ಲದೆ ಚಕ್ರ ಮುಟ್ಟಬೇಡ ಅಂತ."

"ನಾನೇ ಕಣೋ ಮಾತಾಡ್ತಿರೋದು."

"ಹೋದ ವರ್ಷಾನೂ ಹಿಂಗೇ ಅಂದ್ರು ಸಾರ್. ಇದೇ ದನಿ. ನಂಬಿ ತಿರುಗಿಸಿದೆ. ನೀವು ನನ್ನ ಎಂಟು ದಿನ ಕೆಲಸದಿಂದ ನಿಲ್ಲಿಸಿದ್ರಿ. ಇಡ್ತೀನಿ ಸಾರ್."

ಕಾರ್ಯದರ್ಶಿ ಸುತ್ತ ನೋಡಿದರು. ಎಲ್ಲರೂ ಅವರ ಹಿಂದೆಯೇ ಒಳಗೆ ಬಂದಿದ್ದ ಗುಂಡಿರಾಯನನ್ನು ನೋಡುತ್ತಿದ್ದರು. ಗುಂಡಿರಾಯ ನ್ಯಾಯಾಧೀಶರ ಕೋಟಿನ ತೋಳಿನ ಧೂಳು ಕೊಡವುತ್ತಿದ್ದ. ಹೋದ ವರ್ಷದ ಆ ದನಿ ಅವನದೇ.

ನೀರು ಕೊನೆಯ ಇಟ್ಟಿಗೆಯನ್ನೂ ಮುಳುಗಿಸಿತು. ಆಮೇಲೆ ಮಂಚದ ಕಾಲು. ತಾತನ ಸೊಸೆ ಮಾವನ ತಲೆಯನ್ನು ಎತ್ತಿ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ನಗು ಇರಲಿಲ್ಲ. ಯಾರ ಮುಖದಲ್ಲೂ ಇರಲಿಲ್ಲ.

ಕಾರ್ಯದರ್ಶಿ ಗುಂಡಿರಾಯನಿಗೆ ಬೆರಳು ತೋರಿಸಿ ಬಗ್ಗು ಎಂದರು. ಅದು ಅವರಿಗೆ ಹೊಸದಲ್ಲ. ನೀರು ಬಂದಾಗಲೆಲ್ಲ ಕೆಳಗಿನ ಬೀದಿಯ ಗಂಡಸರು ಮೇಲಿನ ಬೀದಿಯವರನ್ನು ಬೆನ್ನ ಮೇಲೆ ಹೊತ್ತು ಬಸ್ಸಿನ ರಸ್ತೆಗೆ ದಾಟಿಸುತ್ತಿದ್ದರು. ಹೋದ ಬೇಸಿಗೆ ಒಂದೇ ಸಂಜೆ ಗುಂಡಿರಾಯ ಹನ್ನೊಂದು ಜನರನ್ನು ಹೊತ್ತಿದ್ದ. ಅವರ ಮನೆಯ ನೀರಿನಲ್ಲಿ, ಅವರದೇ ಬೂಟು ಅವನ ಪಕ್ಕೆಗೆ ತಿವಿಯುತ್ತಿರಲು, ನೆನೆಯದಂತೆ ದಾಟಿಸಿದ್ದ. ಬೆರಳು ತೋರಿಸಿದ್ದೇ ತಡ, ಅವನ ಬೆನ್ನು ಅವನನ್ನು ಕೇಳದೆಯೇ ಬಗ್ಗಿತು. ಕಪ್ಪು ಕೋಟಿನೊಳಗೆ ಬಗ್ಗಿತು.

ಇಸ್ತ್ರಿಯಮ್ಮ ಆ ಬೆನ್ನಿನ ಮೇಲೆ ಕೈ ಇಟ್ಟಳು.

"ಏಳು," ಎಂದಳು. "ಕೋಟು ಸುಕ್ಕಾಗುತ್ತೆ."

ಗುಂಡಿರಾಯ ಎದ್ದ. ನಿಧಾನವಾಗಿ ಎದ್ದ. ಅವನು ಅಷ್ಟು ಎತ್ತರದ ಮನುಷ್ಯ ಎಂದು ಅವನ ಹೆಂಡತಿಗೂ ಅವತ್ತೇ ಗೊತ್ತಾದದ್ದು.

"ಯಾರೂ ಹೊರಲ್ಲ ಸ್ವಾಮಿ," ಎಂದಳು ಇಸ್ತ್ರಿಯಮ್ಮ. "ಇಳೀರಿ. ನಡೀರಿ. ನಿಮ್ಮ ಬೀದಿ ನೀರೇ ಇದು, ಕಚ್ಚಲ್ಲ."

ಕಾರ್ಯದರ್ಶಿ ಒಬ್ಬೊಬ್ಬರ ಮುಖ ನೋಡಿದರು. ಒಂದು ಬೆನ್ನೂ ಬಗ್ಗಲಿಲ್ಲ. ಅವರು ಕಟ್ಟೆಯಿಂದ ಇಳಿದರು. ನೀರು ಎದೆಗೆ ಬಂತು. ಉಸಿರು ಸಿಕ್ಕಿಕೊಂಡಂತೆ ಒಂದು ಸದ್ದು ಮಾಡಿದರು. ಕೆಳಗಿನ ಬೀದಿಯ ಮಕ್ಕಳೂ ಆ ನೀರಿಗೆ ಇಳಿಯುವಾಗ ಅದೇ ಸದ್ದು ಮಾಡುತ್ತವೆ.

ಗುಂಡಿರಾಯ ಬಿದಿರು ಹಿಡಿದು ಮುಂದೆ ಹೊರಟ. ನೀರಿನ ಕೆಳಗೆ ಯಾವ ಗುಂಡಿಯ ಮುಚ್ಚಳ ತೆರೆದಿದೆ ಎಂಬುದು ಅವನಿಗೊಬ್ಬನಿಗೇ ಗೊತ್ತು. ಅವನ ಹಿಂದೆ ಕಾರ್ಯದರ್ಶಿ. ಅವರ ಹಿಂದೆ ಇಸ್ತ್ರಿಯಮ್ಮ. ಅವಳಿಗೆ ಹೋಗಬೇಕೆಂದೇನೂ ಇರಲಿಲ್ಲ. ಒಣನೆಲ ಮುಟ್ಟಿದ ಕೂಡಲೇ ಮನುಷ್ಯನ ಮಾತು ಬದಲಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು, ಅದಕ್ಕೇ ಹೋದಳು. ಬಾಯಲ್ಲಿ ದೇವರ ಹೆಸರು ಹೇಳಿಕೊಳ್ಳುತ್ತಲೇ ಹೋದಳು. ನಡುನಡುವೆ, ಎಡಕ್ಕೆ ಸ್ವಾಮಿ, ಎಡಕ್ಕೆ ಎಂದು ಕಾರ್ಯದರ್ಶಿಗೂ ಹೇಳುತ್ತಿದ್ದಳು. ಯಾವುದು ಯಾರಿಗೆ ಎಂದು ದೇವರು ಆರಿಸಿಕೊಂಡಿರಬೇಕು.

ಕೋಟಿನ ಬಾಲ ಹಿಡ್ಕೊಳ್ಳಿ ಎಂದು ಗುಂಡಿರಾಯ ಹೇಳಿದ್ದ. ಕಾರ್ಯದರ್ಶಿ ಹಿಡಿಯಲಿಲ್ಲ. ಹತ್ತು ಹೆಜ್ಜೆಗೆ ಅವರು ಮಾಯವಾದರು. ಛತ್ರಿಯೊಂದೇ ಮೇಲೆ ಉಳಿಯಿತು. ಗುಂಡಿರಾಯ ಕೈ ಇಳಿಸಿ ಕಾಲರು ಹಿಡಿದು ಮೇಲೆತ್ತಿದ. ಮೂಗು, ಬಾಯಿ, ಕಿವಿ ಎಲ್ಲ ಕೆಸರು.

"ಒಳ್ಳೇ ಗುಂಡಿನೇ ಆರಿಸಿದ್ರಿ ಸಾರ್," ಎಂದ. "ಇದರೊಳಗೆ ನಾನು ತಿಂಗಳಿಗೆ ನಾಲ್ಕು ಸಲ ಇಳೀತೀನಿ. ಕಾಲರು ಹಿಡಿಯೋಕೆ ಮೇಲೆ ಯಾರೂ ಇರಲ್ಲ."

ಅಲ್ಲಿಂದ ಮುಂದೆ ಕಾರ್ಯದರ್ಶಿ ಕೋಟಿನ ಬಾಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಡೆದರು.

ತೂಬಿನ ಚಕ್ರ ಇದ್ದದ್ದು ಗೋಡೆಯ ಮೇಲುಗಡೆ, ಒಂದು ಕಬ್ಬಿಣದ ಜಾಲರಿಯ ಗೂಡಿನಲ್ಲಿ. ಗೂಡಿಗೆ ಬೀಗ. ವಾಚ್‌ಮನ್ ಪಕ್ಕದ ತಗಡಿನ ಕೆಳಗೆ ನಿಂತಿದ್ದ. ಕಪ್ಪು ಕೋಟು ಕಂಡು ನೆಟ್ಟಗಾಗಿ ಸಲಾಂ ಹೊಡೆದ. ಕೆಸರು ಮೆತ್ತಿದ ಮೂರ್ತಿಯೊಂದು ಮುಂದೆ ಬಂದು, ಬೀಗ ತೆಗೆಯೋ, ನಾನೇ ಕಾರ್ಯದರ್ಶಿ ಎಂದಿತು. ಅವನು ಮೇಲಿಂದ ಕೆಳಗೆ ನೋಡಿದ. ಕಾಲಿಗೆ ಬೂಟಿಲ್ಲ, ಮೈಮೇಲೆ ಕೋಟಿಲ್ಲ. ಅವನಿಗೆ ಗುರುತು ಸಿಗಲಿಲ್ಲವೋ, ಸಿಕ್ಕಿಯೂ ಸಿಗದವನಂತೆ ನಿಂತನೋ, ಎಂಟು ದಿನ ಒಲೆ ಹಚ್ಚದ ಅವನ ಮನೆಯವರನ್ನೇ ಕೇಳಬೇಕು. ಯಾರು ಬೇಕಾದರೂ ಕಾರ್ಯದರ್ಶಿ ಎನ್ನಬಹುದು, ಸಾಕ್ಷಿ ಏನಿದೆ ಎಂದ.

ಇಸ್ತ್ರಿಯಮ್ಮ ಕಾರ್ಯದರ್ಶಿಯ ಕುತ್ತಿಗೆಗೆ ಕೈ ಹಾಕಿ ಅಂಗಿಯ ಕಾಲರನ್ನು ತಿರುಗಿಸಿ ತೋರಿಸಿದಳು. ನೀಲಿ ದಾರದ ಮೂರು ಚುಕ್ಕೆ. ನಲವತ್ತು ವರ್ಷದಲ್ಲಿ ಅವಳ ಕೈ ಅವರ ಮೈಗೆ ತಾಗಿದ್ದು ಅದೇ ಮೊದಲು. ಅವರು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ವಾಚ್‌ಮನ್ ಬೀಗ ತೆಗೆದ.

ಅವಳು ಅಂದುಕೊಂಡಂತೆಯೇ ಆಯಿತು. ಕಾಲ ಕೆಳಗೆ ಕಲ್ಲು ಸಿಕ್ಕ ಕೂಡಲೇ ಕಾರ್ಯದರ್ಶಿಗೆ ತಮ್ಮ ಮನೆ ಕಂಡಿತು. ಮನೆಯ ಹಿಂದೆ ಬಿಳಿ ಕಾರು ಕಂಡಿತು. ಸಭಾಂಗಣದ ಮುಂದೆ ಎಂಜಿನಿಯರ ಗಾಡಿಯೂ ಬಂದು ನಿಂತಿತ್ತು. ಅವರು ಚಕ್ರದ ಮುಂದೆ ಹೋಗಿ ಕೈ ಕಟ್ಟಿಕೊಂಡರು. ಸಮಾರಂಭದ ಹೊತ್ತು, ಮಳೆ ಇನ್ನೇನು ನಿಲ್ಲುತ್ತದೆ, ಒಂದು ಹತ್ತು ನಿಮಿಷ ನೋಡೋಣ, ನಾಳೆ ಬೇಕಾದರೆ ನಾನೇ ಕಚೇರಿಗೆ ಬರೆಯುತ್ತೇನೆ ಎಂದರು.

"ಹತ್ತು ನಿಮಿಷಕ್ಕೆ ತಾತ ಮುಳುಗ್ತಾರೆ," ಎಂದಳು ಇಸ್ತ್ರಿಯಮ್ಮ. "ಪಕ್ಕಕ್ಕೆ ಬನ್ನಿ."

"ಏನಮ್ಮ, ಯಾರ ಜೊತೆ ಮಾತಾಡ್ತಿದೀಯ ಗೊತ್ತಾ?"

"ಗೊತ್ತು. ಮೂರು ಚುಕ್ಕೆ ಜೊತೆ. ಪಕ್ಕಕ್ಕೆ ಬನ್ನಿ."

ಅವರು ಬರಲಿಲ್ಲ. ಅವಳೇ ಅವರನ್ನು ಭುಜದಿಂದ ಸರಿಸಿದಳು. ಚಕ್ರದ ಹಿಡಿಗೆ ಎರಡೂ ಕೈ ಹಾಕಿದಳು. ನೀರಿನ ಒತ್ತಡಕ್ಕೆ ಅದು ಬಂಡೆಯಂತೆ ಕೂತಿತ್ತು. ಅವಳ ಕೈಗಳು ನಲವತ್ತು ವರ್ಷ ನೆಂದ ಕಂಬಳಿ ಹಿಂಡಿದ ಕೈಗಳು. ಬೆರಳ ಸಂದುಗಳು ಸೋಪಿಗೆ ಒಡೆದು, ಕೂಡಿ, ಮತ್ತೆ ಒಡೆದು ತೊಗಲು ಹಲಗೆಯಂತಾಗಿತ್ತು. ಮಣಿಕಟ್ಟು ಗಂಡಸರ ಮಣಿಕಟ್ಟಿನ ಹಾಗಿತ್ತು. ಮೇಲಿನ ಬೀದಿಯ ಅಷ್ಟೂ ಕಂಬಳಿ, ಅಷ್ಟೂ ಪರದೆ, ಅಷ್ಟೂ ಹೊದಿಕೆಯನ್ನು ಒಟ್ಟಿಗೆ ಹಿಂಡುವವಳಂತೆ ಅವಳು ಮೈ ತಿರುಚಿದಳು. ಗುಂಡಿರಾಯ ಬಂದು ಇನ್ನೊಂದು ಕಡೆ ಹಿಡಿದ. ಚಕ್ರ ನರಳಿತು. ಒಂದು ಗೇಣು ಹೊರಳಿತು. ವಾಚ್‌ಮನ್ ತನಗೆ ಏನೂ ಕಾಣುತ್ತಿಲ್ಲ ಎಂಬಂತೆ ಆಕಾಶ ನೋಡುತ್ತಾ ನಿಂತಿದ್ದ. ಅವನ ಒಂದು ಕಾಲು ಮಾತ್ರ ಚಕ್ರದ ಅಡ್ಡಪಟ್ಟಿಯನ್ನು ಬಲಕ್ಕೆ ಒದೆಯುತ್ತಿತ್ತು.

ಚಕ್ರ ಪೂರ್ತಿ ತಿರುಗಿತು. ಗೋಡೆಯ ಬಾಯಿ ಮುಚ್ಚಿತು. ನೀರು ಒಂದು ಸಲ ತಡವರಿಸಿ ತನ್ನ ಹಳೆಯ ದಾರಿ ಹಿಡಿದು ಕಾಲುವೆಗೆ ಬಿತ್ತು.

ಮೇಲಿನ ಬೀದಿಗೆ ಆದದ್ದಿಷ್ಟು. ಕಾಲುವೆ ತುಂಬಿ ಪಾದ ಮುಳುಗುವಷ್ಟು ನೀರು ಬೀದಿಗೆ ಬಂತು. ಕಾರುಗಳ ಚಕ್ರ ಅರ್ಧ ನೆನೆಯಿತು. ದೊಡ್ಡ ಎಂಜಿನಿಯರು ಬೂಟು ಕೈಯಲ್ಲಿ ಹಿಡಿದು ಹಿತ್ತಾಳೆಯ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಗಾಡಿಗೆ ವಾಪಸು ಹೋದರು. ಇಷ್ಟೇ. ಪಾದ ಮುಳುಗುವಷ್ಟು. ಇಷ್ಟನ್ನು ತಪ್ಪಿಸಲು ಅವರು ಮೂರು ಬೇಸಿಗೆ ಹದಿನಾಲ್ಕು ಮನೆಗಳನ್ನು ಎದೆಯವರೆಗೆ ಮುಳುಗಿಸಿದ್ದರು. ಇಸ್ತ್ರಿಯಮ್ಮ ಆ ನೀರಿನಲ್ಲಿ ನಿಂತು ತನ್ನ ಪಾದ ನೋಡಿಕೊಂಡಳು. ಆಗ ಅವಳಿಗೆ ಅಳು ಬಂತು. ಅವಳನ್ನು ಅಳಿಸಿದ್ದು ಸಂಕಟವಲ್ಲ, ಸಿಟ್ಟು.

ಅವರು ಕೆಳಗೆ ಬಂದಾಗ ನೀರು ಇಳಿಯತೊಡಗಿತ್ತು. ತಾತನ ಬೆನ್ನಿಗೂ ನೀರಿಗೂ ಮೂರು ಬೆರಳು ಉಳಿದಿತ್ತು. ಸೊಸೆ ಅವನ ತಲೆ ಹಿಡಿದ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಬಿಡಿಸಿದರೂ ಬೆರಳು ನೆಟ್ಟಗಾಗಲಿಲ್ಲ. ತಾತ ಮಾತ್ರ ಬೇಸರದಲ್ಲಿದ್ದ.

"ಇನ್ನು ಸ್ವಲ್ಪ ಬಿಟ್ಟಿದ್ರೆ ಏನಾಗ್ತಿತ್ತು. ಬೆನ್ನು ತೊಳ್ಕೊಂಡು ಆರು ತಿಂಗಳಾಯ್ತು."

ಬುಧವಾರದಿಂದ ಶನಿವಾರದವರೆಗೆ ಇಸ್ತ್ರಿಯಮ್ಮ ಬಟ್ಟೆ ಒಗೆದಳು. ಪರದೆ, ಕರವಸ್ತ್ರ, ಕಪ್ಪು ಕೋಟು, ಬೂದು ಕೋಟು, ಹಸಿರು ಗೌನು. ಬೀದಿಯವರೆಲ್ಲ ನೀರು ಹೊತ್ತರು. ಒಂದೊಂದು ಮಡಿಕೆಯೂ ಕೂತಲ್ಲೇ ಕೂರುವಂತೆ ಇಸ್ತ್ರಿ ಹಾಕಿ ಹದಿನಾಲ್ಕು ಗಂಟು ಕಟ್ಟಿ ಮೇಲಿನ ಬೀದಿಗೆ ಹೊತ್ತುಕೊಂಡು ಹೋದಳು. ಈ ಸಲ ಹಿಂದಿನ ಗೇಟಿನಲ್ಲಿ ಕೂಗಲಿಲ್ಲ. ಮುಂಬಾಗಿಲು ತಟ್ಟಿದಳು. ಕೆಲವರು ತೆರೆದರು. ಕೆಲವರು ತೆರೆಯಲಿಲ್ಲ, ಅವರ ಗಂಟನ್ನು ಹೊಸ್ತಿಲ ಮೇಲೆ ಇಟ್ಟು ಬಂದಳು. ಮೂರು ಚುಕ್ಕೆಯವರು ಕೋಟನ್ನು ಕಡ್ಡಿಯಲ್ಲಿ ಎತ್ತಿ ಒಳಗೆ ತೆಗೆದುಕೊಂಡರಂತೆ. ಸಂಘದಲ್ಲಿ ಸಭೆ ಸೇರಿತು. ಇನ್ನು ಮೇಲೆ ಬಟ್ಟೆ ಯಂತ್ರದ ಅಂಗಡಿಗೆ ಎಂದು ತೀರ್ಮಾನವಾಯಿತು. ಡಾಕ್ಟರ ಮನೆಯಿಂದ ಮಾತ್ರ ಮಗುವಿನ ಬಟ್ಟೆ ಮೊದಲಿನಂತೆ ಬಂತು. ಉಳಿದವರದು ಬರಲಿಲ್ಲ. ಅವಳ ಒಲೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಕೆಲವು ದಿನ ತಣ್ಣಗೇ ಕೂತಿತ್ತು. ಅದಕ್ಕೆ ಅವಳು ದೇವರ ಮೇಲೆ ಮುನಿಸಿಕೊಂಡು ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ ಬಸ್ಸಿನ ರಸ್ತೆಯ ಊಟದ ಮನೆಯವರು ಮೇಜಿನ ಬಟ್ಟೆಗಳ ರಾಶಿ ಕಳಿಸಿದರು. ಸರಿ, ಹಾಗಾದರೆ ಮಾತಾಡೋಣ ಎಂದಳು.

ಅದರ ಮುಂದಿನ ವಾರ, ಸೋಮವಾರ ಮಧ್ಯಾಹ್ನ ಮತ್ತೆ ಆಕಾಶ ಕಪ್ಪಾಯಿತು. ಮೂರು ಗಂಟೆಗೆ ವಾಚ್‌ಮನ್ ಓಡಿಕೊಂಡು ಬಂದ. ಬಾಗಿಲ ಚೌಕಟ್ಟು ಹಿಡಿದು ಉಸಿರು ಸುಧಾರಿಸಿ ವಿಷಯ ಹೇಳಿದ. ಚಕ್ರವನ್ನು ಎಡಕ್ಕೆ ತಿರುಗಿಸು ಎಂದು ಸಂಘದವರು ಹೇಳಿದ್ದಾರೆ. ತಿರುಗಿಸೋಣವೆಂದು ಹೋಗಿ ನೋಡಿದರೆ ಚಕ್ರದ ಹಿಡಿಯೇ ಇಲ್ಲ. ಕಬ್ಬಿಣದ ಹಿಡಿ, ಮೊಳ ಉದ್ದ. ಅದು ತಿರುಪು ಹಾಕಿ ಕೂರಿಸಿದ್ದು, ಬಿಚ್ಚಿದರೆ ಬರುತ್ತದೆ. ಅದಿಲ್ಲದೆ ಹತ್ತು ಜನ ಹಿಡಿದರೂ ಚಕ್ರ ಅಲುಗುವುದಿಲ್ಲ. ಅವತ್ತು ನೀವು ಬಂದು ಹೋದ ಮೇಲೆ ಕಾಣುತ್ತಿಲ್ಲ. ಕಾರ್ಯದರ್ಶಿ ಕೇಳಿಕೊಂಡು ಬಾ ಎಂದಿದ್ದಾರೆ.

ಹೇಳುವಾಗ ಅವನು ಒಳಗೆ ಎಲ್ಲಿಯೂ ಕಣ್ಣು ಹಾಯಿಸದಂತೆ ಜಾಗ್ರತೆಯಿಂದ ನೆಲ ನೋಡುತ್ತಿದ್ದ. ಪಕ್ಕದ ಮನೆಯ ಕಿಟಕಿಯಲ್ಲಿ ಗುಂಡಿರಾಯನೂ ತಾತನ ಸೊಸೆಯೂ ಮಾತು ನಿಲ್ಲಿಸಿ ಕಿವಿಗೊಟ್ಟರು.

ಇಸ್ತ್ರಿಯಮ್ಮ ಮೇಜಿನ ಬಟ್ಟೆಯ ಅಂಚಿಗೆ ನೀರು ಚಿಮುಕಿಸಿದಳು. ಪೆಟ್ಟಿಗೆ ಎತ್ತಿ ಅಂಚಿನ ಮೇಲೆ ನಿಧಾನವಾಗಿ ಎಳೆದಳು. ಬಿಸಿ ಆವಿ ಮೇಲೆದ್ದಿತು.

"ಇದೆ ಅಂತ ಹೇಳಪ್ಪ," ಎಂದಳು. "ಬಹಳ ಕೊಳೆಯಾಗಿತ್ತು. ಒಗೆದು ಹಾಕಿದೀನಿ. ಈ ಮೋಡದಲ್ಲಿ ಎಲ್ಲಿ ಒಣಗುತ್ತೆ. ಮಳೆಯೆಲ್ಲ ಮುಗೀಲಿ, ಆಮೇಲೆ ಬಂದು ವಿಚಾರಿಸು."